ಸೊಲ್ಲಾಪುರದಿಂದ ಕುರ್ಲಾಕ್ಕೆ: ಹಳೆಯ ಫಿಯೆಟ್ ಕಾರಿನ ಚರಿತ್ರೆ ಮತ್ತು ಕೊಳ್ಳುವವರಿಗೆ ಎರಡು ಮಾತು

ಸಲೂನ್ ಅಂದರೆ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರುವುದು ಕ್ಷೌರದ ಅಂಗಡಿ. ಇಂಗ್ಲೆಂಡಿನವರು ಇದೇ ಹೆಸರನ್ನು ಕಾರಿಗೂ ಇಟ್ಟಿದ್ದಾರೆ. ಮೇಲೆ ಗಟ್ಟಿ ಛಾವಣಿ, ನಾಲ್ಕು ಬಾಗಿಲು, ಮುಂದೆ ಎಂಜಿನ್ನು, ನಡುವೆ ಜನ, ಹಿಂದೆ ಸಾಮಾನು ಇಡಲು ಡಿಕ್ಕಿ. ಹೀಗೆ ಮೂರು ಪೆಟ್ಟಿಗೆ ಜೋಡಿಸಿದಂತೆ ಕಾಣುವ ಕಾರಿಗೆ ಅವರು ಸಲೂನ್ ಅನ್ನುತ್ತಾರೆ, ಅಮೆರಿಕದವರು ಸೆಡಾನ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಬಹಳ ವರ್ಷ ಕಾರು ಎಂದರೆ ಇದೇ ಆಗಿತ್ತು. ಜೀಪು ಬಿಟ್ಟರೆ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಈ ಮೂರರ ಹೊರತು ನಾಲ್ಕನೆಯದನ್ನು ನಮ್ಮ ಹಳ್ಳಿಗಳ ಜನ ಕಂಡದ್ದು ಅಪರೂಪ.

ಈಗ ಈ ಹಳೆಯ ಗಾಡಿಗಳಿಗೆ ಮತ್ತೆ ಕಾಲ ಬಂದಿದೆ. ನಮ್ಮಲ್ಲಿ ಓದಿ ಪುಣೆ, ಮುಂಬಯಿ ಸೇರಿದ ಹುಡುಗರು ಜಾತ್ರೆಗೆ ಊರಿಗೆ ಬಂದಾಗ ಕೇಳುತ್ತಾರೆ: "ಸರ್, ಹಳೇದು ಒಂದು ಕಾರು ತಗೋಬೇಕಂತ ಮಾಡೀನ್ರಿ. ರಿಪೇರಿಗೆ ಸುಲಭ ಇರೋದು ಯಾವುದ್ರಿ?" ಚರಿತ್ರೆ ಹೇಳುವ ಮೇಷ್ಟರನ್ನು ಕಾರಿನ ವಿಷಯ ಕೇಳುವುದೇ? ಕೇಳಬಹುದು ಎಂದೇ ನಮ್ಮ ಅಭಿಪ್ರಾಯ. ಹಳೆಯ ಕಾರು ರಿಪೇರಿಗೆ ಸುಲಭವೋ ಕಷ್ಟವೋ ಎಂಬುದರ ಉತ್ತರ ಅರ್ಧ ಅದರ ಎಂಜಿನ್ನಿನಲ್ಲಿದೆ, ಇನ್ನರ್ಧ ಅದರ ಚರಿತ್ರೆಯಲ್ಲಿದೆ. ಅದರಲ್ಲೂ ಫಿಯೆಟ್ ಕಾರಿನ ಚರಿತ್ರೆ ಶುರುವಾಗುವುದು ನಮ್ಮ ಸೊಲ್ಲಾಪುರದಿಂದಲೇ. ಇದು ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಸೊಲ್ಲಾಪುರದ ವಾಲ್‌ಚಂದ್

ಸಿದ್ಧರಾಮರ ಸೊನ್ನಲಿಗೆಯಾದ ಸೊಲ್ಲಾಪುರದಲ್ಲಿ 1882ರ ನವೆಂಬರಿನಲ್ಲಿ ವಾಲ್‌ಚಂದ್ ಹಿರಾಚಂದ್ ದೋಶಿ ಹುಟ್ಟಿದರು. ಗುಜರಾತಿನಿಂದ ಬಂದು ಇಲ್ಲಿ ನೆಲೆಸಿದ ಜೈನ ವ್ಯಾಪಾರಿ ಮನೆತನ. ಮನೆಯ ವ್ಯಾಪಾರಕ್ಕಿಂತ ಅವರ ಮನಸ್ಸು ಹೊಸ ಉದ್ಯಮಗಳ ಕಡೆಗೇ ಇತ್ತು. ರೈಲ್ವೆ ಗುತ್ತಿಗೆಯಿಂದ ಆರಂಭಿಸಿ, ಭೋರ್ ಘಾಟಿನ ಸುರಂಗಗಳ ಕೆಲಸ ಮಾಡಿಸಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದರು. ಆ ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಏಪ್ರಿಲ್ 5ನೇ ತಾರೀಖನ್ನೇ ಇಂದು ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸುತ್ತಾರೆ.

ಕನ್ನಡಿಗರಾದ ನಾವು ಅವರನ್ನು ನೆನೆಯಲು ಇನ್ನೂ ಎರಡು ಕಾರಣಗಳಿವೆ. ಒಂದು, ಬೆಂಗಳೂರಿನ ವಿಮಾನ ಕಾರ್ಖಾನೆ. ಈಗ ಎಚ್.ಎ.ಎಲ್. ಎಂದು ಕರೆಯುವ ಸಂಸ್ಥೆಯನ್ನು 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಮೈಸೂರು ಸಂಸ್ಥಾನದ ಪಾಲುಗಾರಿಕೆಯೊಂದಿಗೆ ಆರಂಭಿಸಿದವರು ಇವರೇ. ಯುದ್ಧದ ಕಾಲವಾದ್ದರಿಂದ 1942ರಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ವಹಿಸಿಕೊಂಡಿತು.

ಎರಡನೆಯದು ಕಾರು. ಭಾರತದಲ್ಲಿ ಕಾರು ತಯಾರಾಗಬೇಕೆಂದು 1930ರ ದಶಕದಲ್ಲೇ ಹಟ ಹಿಡಿದವರು ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಹದಿನೇಳು ವರ್ಷವಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಯುರೋಪು ಮತ್ತು ಅಮೆರಿಕಕ್ಕೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ತಯಾರಿಸಿದರು. ಮುಂಬಯಿಯಲ್ಲಿ ಕಾರ್ಖಾನೆ ಎಂಬುದು ಅವರ ವಿಚಾರ. ಅದಕ್ಕೆ ಹೆಗಲು ಕೊಟ್ಟ ಉದ್ಯಮಿ ವಾಲ್‌ಚಂದ್. 1937ರಲ್ಲಿ ಬಂದ ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಿಸಿತು. ಆದರೆ 1939ರಲ್ಲಿ ಯುದ್ಧ ಶುರುವಾಗಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರು ಸಂಸ್ಥಾನ ಮುಂದೆ ಬಂದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಆಗ ಒಪ್ಪಿದ್ದರೆ ಕಾರಿನ ಕಾರ್ಖಾನೆ ಮೈಸೂರು ಸೀಮೆಯಲ್ಲೇ ಎದ್ದು ನಿಲ್ಲುತ್ತಿತ್ತೋ ಏನೋ!

ಇಷ್ಟಾದರೂ ವಾಲ್‌ಚಂದ್ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಕಂಪನಿ ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ. ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಸೇರಿ ಡಾಡ್ಜ್, ಡಿಸೊಟೊ, ಪ್ಲಿಮತ್ ಗಾಡಿಗಳನ್ನು ಜೋಡಿಸಿದರು. ಆಮೇಲೆ ಇಟಲಿಯ ಫಿಯೆಟ್ ಕಂಪನಿಯ ಸಂಬಂಧ ಬೆಳೆಯಿತು. 1953ರ ಏಪ್ರಿಲಿನಲ್ಲಿ ವಾಲ್‌ಚಂದ್ ತೀರಿಕೊಂಡರು. ತಮ್ಮ ಕಂಪನಿಗೆ ಹೆಸರು ತಂದ ಕಾರನ್ನು ಅವರು ರಸ್ತೆಯ ಮೇಲೆ ನೋಡಲೇ ಇಲ್ಲ.

ಇಟಲಿಯ ಕಾರು, ನಮ್ಮ ರಸ್ತೆ

ಆ ಕಾರು ಫಿಯೆಟ್ 1100. ಇಟಲಿಯವರು ಅದನ್ನು 'ಮಿಲ್ಲೆಚೆಂತೊ' ಎನ್ನುತ್ತಿದ್ದರು, ಅಂದರೆ ಸಾವಿರದ ನೂರು. ಎಂಜಿನ್ನಿನ ಗಾತ್ರ 1089 ಸಿ.ಸಿ., ಅದನ್ನೇ ಸುಮಾರಾಗಿ ಸಾವಿರದ ನೂರು ಎಂದು ಹೆಸರಿಟ್ಟರು. 1953ರಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಇದನ್ನು ಮೊದಲು ತೋರಿಸಿದರು. ರೂಪಿಸಿದ ಎಂಜಿನಿಯರ್ ದಾಂತೆ ಜಕೋಸ. ಯುದ್ಧದಲ್ಲಿ ಸೋತು, ಬಾಂಬಿನಿಂದ ಹಾಳಾಗಿ, ಮತ್ತೆ ಎದ್ದು ನಿಲ್ಲುತ್ತಿದ್ದ ದೇಶದ ಕಾರು ಇದು. ಅಲ್ಲಿಯ ಮಧ್ಯಮ ವರ್ಗದವರ ಕೈಗೆ ಎಟುಕಬೇಕು, ಪೆಟ್ರೋಲು ಕಡಿಮೆ ಕುಡಿಯಬೇಕು, ಕೆಟ್ಟ ರಸ್ತೆಯಲ್ಲಿ ಓಡಬೇಕು, ಊರಿನ ಮಿಸ್ತ್ರಿಯೇ ರಿಪೇರಿ ಮಾಡುವಂತಿರಬೇಕು. ಈ ಬೇಕುಗಳೆಲ್ಲ ನಮ್ಮ ದೇಶದ ಬೇಕುಗಳೂ ಆಗಿದ್ದವು.

ಕುರ್ಲಾದಲ್ಲಿ 1954ರಿಂದ ಈ ಕಾರು ತಯಾರಾಗತೊಡಗಿತು. ಮೊದಮೊದಲ ಗಾಡಿಗಳ ಮುಂದಿನ ಬಾಗಿಲು ಈಗಿನದಕ್ಕೆ ಉಲ್ಟಾ ತೆರೆಯುತ್ತಿತ್ತು, ಕೀಲು ಹಿಂದುಗಡೆ. ಹಳೆಯ ಸಿನಿಮಾಗಳಲ್ಲಿ ನೋಡಿರುತ್ತೀರಿ. ಆಮೇಲೆ ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂಬ ಮಾದರಿಗಳು ಬಂದವು. 1964ರಲ್ಲಿ 1100 ಡಿ ಬಂತು, ಜನ ಅದನ್ನು 'ಡಿಲೈಟ್' ಎಂದರು. ಇಟಲಿಯೊಂದಿಗಿನ ಹೆಸರಿನ ಕರಾರು ಮುಗಿದ ಮೇಲೆ 1972ರಲ್ಲಿ ಅದೇ ಕಾರಿಗೆ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, 1974ರಿಂದ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರಾಯಿತು. ಚಿತ್ತೋಡದ ರಾಣಿ ಪದ್ಮಿನಿಯ ಹೆಸರು ಅದು ಎನ್ನುತ್ತಾರೆ. ಕಂಪನಿ ಯಾವ ಹೆಸರಿಟ್ಟರೂ ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಅದು ಫಿಯೆಟ್ಟೇ! ಇಟಲಿಯಲ್ಲಿ 1969ರಲ್ಲೇ ನಿಂತುಹೋದ ಕಾರು ನಮ್ಮಲ್ಲಿ 2000ದ ಹೊತ್ತಿನ ತನಕ ತಯಾರಾಗುತ್ತಲೇ ಇತ್ತು.

ಈ ಕಾರಿನ ಹೆಸರು ಬಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 1964ರಲ್ಲಿ ಪ್ರಧಾನಿಯಾದಾಗ ಅವರಲ್ಲಿ ಸ್ವಂತ ಕಾರಿರಲಿಲ್ಲ. ಮನೆಯವರ ಒತ್ತಾಯಕ್ಕೆ ಫಿಯೆಟ್ ಕೊಳ್ಳಲು ಹೊರಟರೆ ಬೆಲೆ 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ತೀರಿರಲಿಲ್ಲ. ಅವರ ಪತ್ನಿ ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಲ್ಲಿ ಅದನ್ನು ತೀರಿಸಿದರು. ಆ ಕಾರು ಇಂದಿಗೂ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ತರಗತಿಯಲ್ಲಿ ಪ್ರಾಮಾಣಿಕತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ.

ಕೊರತೆಯೇ ಕಲಿಸಿದ ರಿಪೇರಿ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಕಾರುಗಳು ರಿಪೇರಿಗೆ ಯಾಕೆ ಸುಲಭ?

ಮೊದಲ ಕಾರಣ ಎಲ್ಲರಿಗೂ ಗೊತ್ತಿರುವುದೇ. ಎಂಜಿನ್ನು ಸರಳ. ನಾಲ್ಕು ಸಿಲಿಂಡರು, ಸುಮಾರು 40 ಅಶ್ವಶಕ್ತಿ, ಒಂದು ಕಾರ್ಬ್ಯುರೇಟರು, ಕಿಡಿ ಹೊತ್ತಿಸಲು ಡಿಸ್ಟ್ರಿಬ್ಯೂಟರಿನೊಳಗೆ ಒಂದು ಜೊತೆ ಪಾಯಿಂಟು. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಬದಿಯಲ್ಲಿ ಕೈ ಹೋಗುವಷ್ಟು ಜಾಗ. ಗಾಡಿ ನಿಂತುಹೋದರೆ ನೋಡಬೇಕಾದವು ಎರಡೇ: ಪೆಟ್ರೋಲು ಬರುತ್ತಿದೆಯೇ, ಕಿಡಿ ಹಾರುತ್ತಿದೆಯೇ. ಏಳನೆಯ ತರಗತಿಯ ಹುಡುಗನಿಗೂ ತಿಳಿಸಿ ಹೇಳಬಹುದು.

ಎರಡನೆಯ ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಒಂದು ನೀತಿ ಮಾಡಿತು. 1953ರಲ್ಲಿ ತೆರಿಗೆ ಆಯೋಗದ ಶಿಫಾರಸಿನ ಮೇರೆಗೆ, ಹೊರದೇಶದಿಂದ ಬಿಡಿಭಾಗ ತಂದು ಇಲ್ಲಿ ಬರೀ ಜೋಡಿಸುವ ಕಂಪನಿಗಳಿಗೆ ಅವಕಾಶವಿಲ್ಲ, ಹಂತಹಂತವಾಗಿ ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂದಿತು. ಅಮೆರಿಕದ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಜಾಗ ಖಾಲಿ ಮಾಡಿದವು. ಕಾರು ಮಾಡಲು ಉಳಿದವರು ಮುಖ್ಯವಾಗಿ ಮೂವರು: ಕಲ್ಕತ್ತೆಯ ಹತ್ತಿರ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕೆಂಬುದಕ್ಕೂ ಲೈಸೆನ್ಸು. ಹಾಗಾಗಿ ಕೊಳ್ಳುವವರ ಸಾಲು ಬೆಳೆಯಿತು. ಫಿಯೆಟ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು.

ಈ ನೀತಿಯನ್ನು ಬೈಯುವವರು ಬಹಳ. ಪೈಪೋಟಿ ಇಲ್ಲದ್ದರಿಂದ ಕಂಪನಿಗಳು ಸೋಮಾರಿಗಳಾದವು, ಮೂವತ್ತು ವರ್ಷ ಹಳೆಯ ಕಾರನ್ನೇ ಹೊಸದೆಂದು ಮಾರಿದವು ಎನ್ನುತ್ತಾರೆ. ಅದು ನಿಜ. ಆದರೆ ಹಳೆಯ ಕಾರು ಇಟ್ಟುಕೊಳ್ಳುವವನಿಗೆ ಇದೇ ವರವಾಯಿತು! ಮಾದರಿ ಬದಲಾಗಲಿಲ್ಲವಾದ್ದರಿಂದ 1964ರ ಗಾಡಿಗೆ ತೊಂಬತ್ತರ ದಶಕದ ಗಾಡಿಯ ಎಷ್ಟೋ ಸಾಮಾನು ಕೂಡುತ್ತದೆ. ಹೊರಗಿನಿಂದ ತರುವಂತಿರಲಿಲ್ಲವಾದ್ದರಿಂದ ಬಿಡಿಭಾಗ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು ದೇಶದಲ್ಲೇ ಬೆಳೆದವು. ಹೊಸ ಕಾರು ಬೇಗ ಸಿಗುತ್ತಿರಲಿಲ್ಲವಾದ್ದರಿಂದ ಜನ ಹಳೆಯದನ್ನೇ ತಿದ್ದಿ ತಿದ್ದಿ ಓಡಿಸಿದರು, ಊರೂರಿಗೆ ಮಿಸ್ತ್ರಿಗಳು ತಯಾರಾದರು. ಶಾಲೆ ಬಿಟ್ಟ ಹುಡುಗ ಗ್ಯಾರೇಜಿನಲ್ಲಿ ಪಾನಾ ಹಿಡಿದು ಗುರುವಿನ ಕೈ ನೋಡುತ್ತ ಕಲಿತ ವಿದ್ಯೆ ಅದು. ಅದಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ.

ಇದಕ್ಕೆ ಮುಂಬಯಿಯ ಟ್ಯಾಕ್ಸಿಗಳನ್ನೂ ಸೇರಿಸಬೇಕು. ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ಆ ಮಹಾನಗರದಲ್ಲಿ ದಶಕಗಳ ಕಾಲ ಹಗಲು ರಾತ್ರಿ ಓಡಿದವು. ಟ್ಯಾಕ್ಸಿ ಒಂದು ದಿನ ನಿಂತರೂ ಚಾಲಕನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆದ್ದರಿಂದ ಅದರ ಸಾಮಾನು ಎಲ್ಲ ಕಡೆ ಸಿಗಲೇಬೇಕಿತ್ತು, ಅಗ್ಗವೂ ಆಗಿರಬೇಕಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ತಾಡದೇವದ ಆರ್.ಟಿ.ಒ. ಕಚೇರಿಯಲ್ಲಿ. ಮುಂಬಯಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಮುಗಿಯುವಾಗ ಆ ಟ್ಯಾಕ್ಸಿಗಳ ಕಾಲವೂ ಮುಗಿಯಿತು.

ಮೂರರಲ್ಲಿ ಯಾವುದು?

ಅಂಬಾಸಡರ್ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ನಕಲು. ಐವತ್ತರ ದಶಕದ ಕೊನೆಯಿಂದ 2014ರ ಮೇ ತಿಂಗಳ ತನಕ ಉತ್ತರಪಾರಾದಲ್ಲಿ ತಯಾರಾಯಿತು. ಒಳಗೆ ಜಾಗ ಹೆಚ್ಚು, ನಮ್ಮ ಕಡೆಯ ಕಚ್ಚಾ ರಸ್ತೆಗೆ ಹೇಳಿ ಮಾಡಿಸಿದಂತಿದೆ. ಹಳೆಯ 1489 ಸಿ.ಸಿ. ಎಂಜಿನ್ನು ಸರಳ. 1992ರಿಂದ ಬಂದ ಇಸುಜು 1800 ಎಂಜಿನ್ನಿನ ಗಾಡಿ ಓಡಿಸಲು ಇನ್ನೂ ಚೆನ್ನ. ತೀರಾ ಇತ್ತೀಚಿನವರೆಗೆ ತಯಾರಾದದ್ದರಿಂದ ಸಾಮಾನಿನ ಚಿಂತೆ ಎಲ್ಲಕ್ಕಿಂತ ಕಡಿಮೆ. ಗಾಡಿ ಮಾತ್ರ ಭಾರ, ಪೆಟ್ರೋಲೂ ಹೆಚ್ಚು ಬೇಡುತ್ತದೆ.

ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಲು ಚಂದ. ಬಾನೆಟ್ಟು ಮಡ್‌ಗಾರ್ಡಿನ ಸಮೇತ ಇಡಿಯಾಗಿ ಮುಂದಕ್ಕೆ ಬಾಗುತ್ತದೆ, ಎಂಜಿನ್ನಿನ ಪಕ್ಕದಲ್ಲಿ ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದು. ಬೇರೆ ಚಾಸಿಸ್ ಇದ್ದು ಮೇಲಿನ ಬಾಡಿಯನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಕೆಲಸದ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಸುಲಭ ಎನ್ನಬೇಕು. ಆದರೆ 1961ರಲ್ಲಿ ಶುರುವಾದ ಈ ಕಾರಿನ ವಂಶ 'ಗೆಜೆಲ್' ಎಂಬ ಹೆಸರಿನಲ್ಲಿ ಎಪ್ಪತ್ತರ ದಶಕದಲ್ಲೇ ಮುಗಿಯಿತು. ಸಾಮಾನು ಹುಡುಕಿಕೊಂಡು ಊರೂರು ತಿರುಗಬೇಕು. ವಿನ್ಯಾಸ ಸುಲಭವಿದ್ದರೂ ಚರಿತ್ರೆ ಅದಕ್ಕೆ ನೆರವಾಗಲಿಲ್ಲ.

ಫಿಯೆಟ್ ಇವೆರಡರ ನಡುವೆ ನಿಲ್ಲುತ್ತದೆ. ಗಾತ್ರ ಸಣ್ಣದು, ತೂಕ ಒಂದು ಟನ್ನಿಗಿಂತ ಕಡಿಮೆ, ಗಲ್ಲಿಯಲ್ಲಿ ತಿರುಗಿಸಲು ಸುಲಭ, ಪೆಟ್ರೋಲು ಹಿತಮಿತ. ಮೊದಲ ಸಲ ಹಳೆಯ ಕಾರು ಕೊಳ್ಳುವವರಿಗೆ, ನಮ್ಮಂಥ ಸಂಬಳದ ಜನಕ್ಕೆ, ಮುಂಬಯಿ-ಪುಣೆ-ಸೊಲ್ಲಾಪುರದ ದಾರಿಯಲ್ಲಿ ಇರುವವರಿಗೆ ಇದೇ ಸರಿ ಎಂದು ನಮ್ಮ ಎಣಿಕೆ. ಕಲ್ಕತ್ತೆಯ ಕಡೆಯಾಗಿದ್ದರೆ ಅಂಬಾಸಡರ್ ಎನ್ನುತ್ತಿದ್ದೆವು. ಯಾವ ಕಾರು ಯಾವ ಸೀಮೆಯಲ್ಲಿ ಹೆಚ್ಚು ಓಡಿದೆಯೋ ಆ ಸೀಮೆಯಲ್ಲಿ ಅದರ ಮಿಸ್ತ್ರಿಗಳಿರುತ್ತಾರೆ.

"ಮಾರುತಿ 800 ಯಾಕಾಗಬಾರದು?" ಎಂದು ಕೇಳಬಹುದು. 1983ರ ಡಿಸೆಂಬರಿನಲ್ಲಿ ಬಂದ ಆ ಕಾರು ಓಡಿಸಲು, ರಿಪೇರಿಗೆ ಇನ್ನೂ ಸುಲಭ ಎನ್ನುವುದು ಖರೆ. ಆದರೆ ಅದು ಸಲೂನ್ ಅಲ್ಲ, ಅದರ ಕಥೆಯೇ ಬೇರೆ. ಇನ್ನೊಮ್ಮೆ ಬರೆಯೋಣ.

ನೋಡಿ ಕೊಳ್ಳಿರಿ

ಹಳೆಯ ಫಿಯೆಟ್ ನೋಡಲು ಹೋದಾಗ ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ಎಂಜಿನ್ನು ಕೆಟ್ಟಿದ್ದರೆ ಬಿಚ್ಚಿ ಸರಿಮಾಡಬಹುದು. ತಗಡು ತುಕ್ಕು ತಿಂದಿದ್ದರೆ ಅದಕ್ಕೆ ಕೊನೆಯೇ ಇಲ್ಲ. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಅದರ ಎಲುಬು. ಆದ್ದರಿಂದ ಬಾಗಿಲ ಕೆಳಗಿನ ಅಂಚು, ಕಾಲಿಡುವ ನೆಲ, ಡಿಕ್ಕಿಯ ತಳ, ಬ್ಯಾಟರಿ ಕೂರುವ ಜಾಗ, ಮುಂದಿನ ಗಾಜಿನ ರಬ್ಬರಿನ ಕೆಳಗೆ, ಚಕ್ರದ ಮೇಲಿನ ಕಮಾನಿನ ಒಳಗೆ, ಇವಿಷ್ಟನ್ನು ಕಣ್ಣಿಂದಲೂ ಕೈಯಿಂದಲೂ ನೋಡಬೇಕು. ಶಾಲೆಯ ಪ್ರಯೋಗದ ಪೆಟ್ಟಿಗೆಯಲ್ಲಿರುವ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಬಾಡಿಗೆ ಹಚ್ಚಿ ನೋಡಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ! ಸಮುದ್ರದ ಹತ್ತಿರ ಓಡಿದ ಗಾಡಿಗಿಂತ ನಮ್ಮ ಒಣ ಸೀಮೆಯ ಗಾಡಿಯಲ್ಲಿ ತಗಡು ಚೆನ್ನಾಗಿ ಉಳಿದಿರುತ್ತದೆ. ಬರಗಾಲದ ಸೀಮೆಗೆ ಸಿಕ್ಕಿರುವ ಒಂದು ಲಾಭ ಇದು.

ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆನ್ನಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದು ಅರ್ಥ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ನೀರು ಆಯಿಲಿಗೆ ಸೇರಿದೆ ಎಂಬ ಅನುಮಾನ ಪಡಬೇಕು. ಫಿಯೆಟ್ಟಿನ ಸಿಲಿಂಡರ್ ಹೆಡ್ಡು ಅಲ್ಯುಮಿನಿಯಮ್ಮಿನದು. ನೀರು ಕಡಿಮೆಯಾಗಿ ಎಂಜಿನ್ ಕುದಿದರೆ ಅದು ಬಾಗುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ರೇಡಿಯೇಟರು ಶುದ್ಧವಾಗಿರಬೇಕು, ಫ್ಯಾನ್ ಬೆಲ್ಟು ಬಿಗಿಯಾಗಿರಬೇಕು.

ಗೇರು ಸ್ಟೀರಿಂಗಿನ ಪಕ್ಕದಲ್ಲಿರುತ್ತದೆ. ಅದರ ಕಡ್ಡಿಗಳ ಬುಶ್ ಸವೆದರೆ ಗೇರು ಹುಡುಕಿ ಹುಡುಕಿ ಹಾಕಬೇಕಾಗುತ್ತದೆ. ಇದು ಸಣ್ಣ ಖರ್ಚಿನ ಕೆಲಸ, ಅದನ್ನು ನೋಡಿ ಗಾಡಿ ಬಿಡಬೇಡಿ. ಬ್ರೇಕು ಮಾತ್ರ ಸಣ್ಣ ವಿಷಯವಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹಳೆಯ ಮಾದರಿಗಳಲ್ಲಿ ನಾಲ್ಕಕ್ಕೂ ಒಂದೇ ಕೊಳವೆ ಸಾಲು, ಎಲ್ಲಿ ಸೋರಿದರೂ ಇಡೀ ಬ್ರೇಕು ಹೋಗುತ್ತದೆ. ಆದ್ದರಿಂದ ಕೊಂಡ ಮೊದಲ ವಾರದಲ್ಲೇ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಚಕ್ರದ ಸಿಲಿಂಡರಿನ ತನಕ ಎಲ್ಲ ರಬ್ಬರು, ಹೋಸು ಹೊಸದು ಹಾಕಿಸಿ. ಬಣ್ಣ ಆಮೇಲೆ. ಈ ಕಾರುಗಳಲ್ಲಿ ಗಾಳಿಚೀಲವಿಲ್ಲ, ಎಷ್ಟೋ ಗಾಡಿಗಳಿಗೆ ಸೀಟ್ ಬೆಲ್ಟೂ ಇಲ್ಲ. ಹೆದ್ದಾರಿಯಲ್ಲಿ ಇಂದಿನ ಗಾಡಿಗಳ ವೇಗಕ್ಕೆ ಪೈಪೋಟಿ ಮಾಡುವ ಕಾರಲ್ಲ ಇದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ಮರೆಯಬಾರದು.

ಇನ್ನೊಂದು ಹೊಸ ತೊಂದರೆ ಪೆಟ್ರೋಲಿನದು. 2025ರಿಂದ ದೇಶದಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಸಿಗುತ್ತಿದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಯ ರೈತರಿಗೆ ಅದರಿಂದ ಅನುಕೂಲವಿರಬಹುದು. ಹಳೆಯ ಕಾರಿನ ರಬ್ಬರು ಪೈಪು, ಪೆಟ್ರೋಲ್ ಪಂಪಿನ ಪೊರೆ ಇದನ್ನು ತಡೆಯಲೆಂದು ಮಾಡಿದವಲ್ಲ, ಮೆತ್ತಗಾಗಿ ಸೋರತೊಡಗುತ್ತವೆ. ಎಥನಾಲ್ ಗಾಳಿಯಲ್ಲಿನ ತೇವವನ್ನೂ ಹೀರಿಕೊಳ್ಳುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ. ತಿಂಗಳುಗಟ್ಟಲೆ ಪೆಟ್ರೋಲು ತುಂಬಿಸಿ ನಿಲ್ಲಿಸಬೇಡಿ. ವಾರಕ್ಕೊಮ್ಮೆಯಾದರೂ ನಾಲ್ಕಾರು ಮೈಲಿ ಓಡಿಸಿ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ.

ಟ್ಯಾಕ್ಸಿಯಾಗಿ ಓಡಿ ಬಣ್ಣ ಬದಲಿಸಿಕೊಂಡ ಗಾಡಿಯನ್ನು ಗುರುತಿಸುವುದನ್ನೂ ಕಲಿಯಬೇಕು. ಬಾಗಿಲ ಸಂದಿಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಕಪ್ಪು-ಹಳದಿಯ ಗುರುತು ಉಳಿದಿರುತ್ತದೆ. ಅಂಥದ್ದನ್ನು ಕೊಳ್ಳಲೇಬಾರದೆಂದಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಬೇಕು.

ಕಾಗದ ಪತ್ರ ಮತ್ತು ಗಡಿ

ಗಡಿಯ ಈಚೆಗಿರುವ ನಮಗೆ ಇದು ವಿಶೇಷವಾಗಿ ಮುಖ್ಯ. ವಿಜಯಪುರದಲ್ಲೋ ಕಲಬುರಗಿಯಲ್ಲೋ ನೆಂಟರ ಮನೆಯ ಹಳೆಯ ಫಿಯೆಟ್ ಇರುತ್ತದೆ, "ಒಯ್ಯಿರಿ ಮಾವ" ಎಂದು ಕೊಟ್ಟೇಬಿಡುತ್ತಾರೆ. ಊರುಗಳ ನಡುವೆ ಸಂಬಂಧಕ್ಕೆ ಗಡಿಯಿಲ್ಲ, ಗಾಡಿಯ ನಂಬರಿಗೆ ಮಾತ್ರ ಗಡಿಯಿದೆ. ಬೇರೆ ರಾಜ್ಯದ ನಂಬರಿನ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕು. ಅದಕ್ಕೆ ಅಲ್ಲಿಯ ಆರ್.ಟಿ.ಒ.ದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ, ಆಮೇಲೆ ಹಣದ ಮಾತು. ಆರ್.ಸಿ. ಪುಸ್ತಕದ ಎಂಜಿನ್ ಮತ್ತು ಚಾಸಿಸ್ ನಂಬರುಗಳನ್ನು ಗಾಡಿಯ ಮೇಲಿನ ನಂಬರಿನ ಜೊತೆ ನೀವೇ ಓದಿ ನೋಡಿ, ಬೇರೆಯವರ ಮಾತನ್ನು ನಂಬಬೇಡಿ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಈ ಶುಲ್ಕವನ್ನು ಬಹಳ ಏರಿಸಿದ್ದಾರೆ. ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ದಾಟಿದ ಕಾರಿಗೆ ಪರಿಸರ ತೆರಿಗೆಯೂ ಇದೆ. ಐವತ್ತು ವರ್ಷ ದಾಟಿದ ಗಾಡಿಗೆ ಬೇರೆ ದಾರಿ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ಗಾಡಿಗಳಿಗೆ ನಿಯಮ ಮಾಡಿ, ವಿ.ಎ. ಎಂಬ ಅಕ್ಷರಗಳ ವಿಶೇಷ ನಂಬರ್ ಕೊಡುವ ಏರ್ಪಾಡು ಮಾಡಿತು. ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಮುಂತಾದ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು, ಸಂತೆಗೆ ಹೋಗಲು ಆಗದು. ಓಡಿಸುವ ಆಸೆ ಇದ್ದವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಲೇಸು.

ಕೊನೆಯ ಮಾತು

ಕಾರು ಆರಿಸುವ ಮೊದಲು ಮಿಸ್ತ್ರಿಯನ್ನು ಆರಿಸಿ. ನಿಮ್ಮ ಊರಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಬಲ್ಲ, ಪಾಯಿಂಟಿನ ಸಂದು ನೋಡಿ ಕೂರಿಸಬಲ್ಲ ಕೈ ಇನ್ನೂ ಇದೆಯೇ? ಅಂಥವರಿಗೆಲ್ಲ ಈಗ ವಯಸ್ಸು ಅರವತ್ತು ದಾಟಿದೆ. ಅವರ ಮಕ್ಕಳು ಕಂಪ್ಯೂಟರ್ ಹಚ್ಚಿ ಹೊಸ ಗಾಡಿ ನೋಡುತ್ತಾರೆ, ಅದು ತಪ್ಪೂ ಅಲ್ಲ, ಹೊಟ್ಟೆಪಾಡು. ಆದರೆ ಆ ಹಿರಿಯರ ಕೈ ನಿಂತ ದಿನ ಸುಲಭದ ಕಾರು ಎಂಬುದೇ ಇರುವುದಿಲ್ಲ. ಸಾಮಾನು ಅಂಗಡಿಯಲ್ಲಿ ಸಿಗಬಹುದು, ಅದನ್ನು ಕೂರಿಸುವ ವಿದ್ಯೆ ಅಂಗಡಿಯಲ್ಲಿ ಸಿಗದು.

ಆದ್ದರಿಂದ ಹಳೆಯ ಗಾಡಿ ಕೊಳ್ಳುವ ನಮ್ಮ ಹುಡುಗರಿಗೆ ಒಂದೇ ಬಿನ್ನಹ. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಸಂಜೆ ಬರುತ್ತೇವೆಂದು ಹೋಗಬೇಡಿ. ಅಲ್ಲೇ ನಿಂತು ನೋಡಿ, ಕೇಳಿ, ಪಾನಾ ಹಿಡಿದು ಕಲಿಯಿರಿ, ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಗಡಿಯ ಈಚೆಗೆ ಕನ್ನಡ ಶಾಲೆ ಉಳಿದಿರುವುದು ಹೇಗೆ? ಕಟ್ಟಡ ಇದ್ದದ್ದರಿಂದ ಅಲ್ಲ, ಒಂದು ತಲೆಮಾರು ಕಲಿತದ್ದನ್ನು ಇನ್ನೊಂದಕ್ಕೆ ಕಲಿಸಿದ್ದರಿಂದ. ಕಾರಿನ ವಿದ್ಯೆಗೂ ಇದೇ ಮಾತು.

ಇನ್ನು ಶಿಕ್ಷಕ ಮಿತ್ರರಿಗೆ. ವಾಲ್‌ಚಂದರ ಹೆಸರು ಸೊಲ್ಲಾಪುರದ ಕಾಲೇಜಿನ ಬೋರ್ಡಿನ ಮೇಲಿದೆ, ವಿಶ್ವೇಶ್ವರಯ್ಯನವರ ಚಿತ್ರ ನಮ್ಮ ತರಗತಿಗಳ ಗೋಡೆಯ ಮೇಲಿದೆ. ಇವರಿಬ್ಬರೂ ಸೇರಿ ಒಂದು ಕಾರಿಗಾಗಿ ವರ್ಷಗಟ್ಟಲೆ ಹೋರಾಡಿದರು ಎಂಬುದನ್ನು ಮಕ್ಕಳಿಗೆ ಹೇಳಿ. ಮರಾಠಿ ನಾಡಿನ ಊರಿನಲ್ಲಿ ಹುಟ್ಟಿದ ಗುಜರಾತಿ, ಮೈಸೂರಿನ ಕನ್ನಡಿಗ, ಇಟಲಿಯ ನಕ್ಷೆ, ಮುಂಬಯಿಯ ಕಾರ್ಮಿಕರ ಕೈ, ಇಷ್ಟೂ ಸೇರಿ ಆದದ್ದು ಆ ಫಿಯೆಟ್ಟು. ದಾರಿಯಲ್ಲಿ ಅಂಥದ್ದೊಂದು ಕಂಡರೆ ಭಂಗಾರಿನ ಸಾಮಾನೆಂದು ನಗದೆ ಒಂದು ಗಳಿಗೆ ನಿಂತು ನೋಡಲಿ.